ಕಲ್ಲಿನ ಅಧ್ಯಾಯ, ಕಲ್ಲುದೇವರ ಅಧ್ಯಾಯ: ಕಲ್ಲಿದ್ದಲು ಗಣಿಯ ಕಡತದೊಳಗೆ ಏನಿರುತ್ತದೆ?

ನಮ್ಮ ಶಿರಸಿ ಕಡೆ ಬಾವಿ ತೋಡುವವರನ್ನು ಮಾತಾಡಿಸಿ ನೋಡಿ. ಮೇಲೆ ಕೆಂಪು ಮಣ್ಣು, ಅದರಡಿ ಜಂಬಿಟ್ಟಿಗೆ, ಆಮೇಲೆ ಕಾಲಿಟ್ಟರೆ ಜಾರುವ ಶೇಡಿ ಎಂಬ ಜೇಡಿಮಣ್ಣು, ಅದನ್ನೂ ದಾಟಿದರೆ ಕರಿಕಲ್ಲು ಎಂದು ಬೆರಳು ಮಡಚುತ್ತಾ ಹೇಳುತ್ತಾರೆ. ಎಷ್ಟು ಕೋಲಿಗೆ ನೀರು ಸಿಗುತ್ತದೆ, ಮಳೆಗಾಲದಲ್ಲಿ ಯಾವ ಪದರ ಕುಸಿಯುತ್ತದೆ, ಎಲ್ಲವೂ ಅವರ ಲೆಕ್ಕದಲ್ಲಿ ಇರುತ್ತದೆ. ಕಲ್ಲಿದ್ದಲು ಗಣಿಗೆ ಪರವಾನಗಿ ಕೊಡುವ ಮೊದಲು ನಡೆಯುವ ಭೂವಿಜ್ಞಾನದ ಪರಿಶೀಲನೆ ಎಂದರೆ ಮೂಲದಲ್ಲಿ ಇದೇ ಲೆಕ್ಕ. ಅದನ್ನು ಕಾಗದದ ಮೇಲೆ, ಅಳತೆ ಸಮೇತ, ಗುದ್ದಲಿ ಬೀಳುವ ಮೊದಲೇ ಬರೆದಿಡಬೇಕು, ಅಷ್ಟೇ.

ಅಂಥ ಕಡತದಲ್ಲಿ ಇನ್ನೊಂದು ಅಧ್ಯಾಯವೂ ಇರುತ್ತದೆ. ಆ ನೆಲದಲ್ಲಿ ಹಳೆಯದು ಏನಿದೆ? ಯಾರ ಸಮಾಧಿ, ಯಾರ ದೇವರು, ಯಾರ ನೆನಪು? ಇದನ್ನು ಸಾಂಸ್ಕೃತಿಕ ಸಂಪತ್ತಿನ ಪರಿಶೀಲನೆ ಎನ್ನುತ್ತಾರೆ. ಈ ಎರಡು ಅಧ್ಯಾಯಗಳನ್ನು ಓದಲು ನಮ್ಮ ಜಿಲ್ಲೆಯವರೂ ಕಲಿಯಬೇಕು ಎನ್ನುವುದು ನನ್ನ ಆಸೆ. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಉತ್ತರ ಕನ್ನಡದಲ್ಲಿ ಕಲ್ಲಿದ್ದಲೇ ಇಲ್ವಲ್ಲ ಎಂದು ನೀವು ಕೇಳಬಹುದು. ನಿಜ, ಇಲ್ಲ. ನಮ್ಮ ಭಾರತದ ಕಲ್ಲಿದ್ದಲು ಹೆಚ್ಚಾಗಿ 25ರಿಂದ 30 ಕೋಟಿ ವರ್ಷ ಹಿಂದಿನ ಜೌಗು ಕಾಡುಗಳು ಹೂತು ಆಗಿದ್ದು. ದಾಮೋದರ, ಮಹಾನದಿ, ಗೋದಾವರಿ ಕಣಿವೆಗಳಲ್ಲಿ ಅದು ಸಿಗುತ್ತದೆ. ನಮ್ಮ ಘಟ್ಟದ ಕಲ್ಲಿನ ವಯಸ್ಸು 250 ಕೋಟಿ ವರ್ಷಕ್ಕೂ ಜಾಸ್ತಿ. ನೆಲದ ಮೇಲೆ ಗಿಡಮರ ಹುಟ್ಟುವ ಮೊದಲೇ ನಮ್ಮ ಕಲ್ಲು ಗಟ್ಟಿಯಾಗಿತ್ತು. ಮರವೇ ಇಲ್ಲದ ಕಾಲದಲ್ಲಿ ಕಲ್ಲಿದ್ದಲು ಎಲ್ಲಿಂದ ಬರಬೇಕು?

ಆದರೆ ಕಲ್ಲಿದ್ದಲು ನಮಗೆ ದೂರದ್ದೂ ಅಲ್ಲ. ಗೋವಾದ ಬಂದರಿನಲ್ಲಿ ಇಳಿದ ಕಲ್ಲಿದ್ದಲು ಜೋಯಿಡಾ ತಾಲೂಕಿನ ಕ್ಯಾಸಲ್‌ರಾಕ್ ಮೇಲೆಯೇ ಬಳ್ಳಾರಿ ಕಡೆಗೆ ರೈಲಿನಲ್ಲಿ ಹೋಗುತ್ತದೆ. ತದಡಿಯಲ್ಲಿ ಕಲ್ಲಿದ್ದಲಿನ ದೊಡ್ಡ ವಿದ್ಯುತ್ ಸ್ಥಾವರ ಬರುತ್ತದೆ ಎಂದಾಗ ಅಘನಾಶಿನಿ ದಂಡೆಯ ಜನ ಎದ್ದು ನಿಂತಿದ್ದು ನಮಗೆಲ್ಲ ನೆನಪಿದೆ. ರಾಯಚೂರಿನಲ್ಲಿ ಉರಿಯುವುದೂ ಬೇರೆ ಯಾರದೋ ಊರಿನ ನೆಲ ಅಗೆದು ತಂದ ಕಲ್ಲಿದ್ದಲೇ. ಕರ್ನಾಟಕದ ವಿದ್ಯುತ್ ನಿಗಮಕ್ಕೆಂದೇ ಮಹಾರಾಷ್ಟ್ರದ ಚಂದ್ರಪುರ ಜಿಲ್ಲೆಯ ಬರಾಂಜ್‌ನಲ್ಲಿ ಗಣಿ ಇದೆ. ನಮ್ಮ ಮನೆಯ ದೀಪಕ್ಕೆ ಅಲ್ಲಿನ ಯಾರದೋ ಹೊಲ, ಯಾರದೋ ಗುಡಿಕಟ್ಟೆ ಜೊತೆಯಾಗಿದೆ.

ಈ ಪರಿಶೀಲನೆಯ ನಿಯಮಗಳು ತುಂಬಾ ಬಿಡಿಸಿ ಬರೆದಿರುವುದು ಅಮೆರಿಕದಲ್ಲಿ. ಹಾಗಾಗಿ ಅಲ್ಲಿಯದನ್ನೇ ಹಿಡಿದು ಹೇಳುತ್ತೇನೆ. ಅಲ್ಲಿ ಆ ಕಾನೂನು ಸುಮ್ನೆ ಬಂದಿದ್ದಲ್ಲ. 1972ರ ಫೆಬ್ರವರಿ 26ರಂದು ವೆಸ್ಟ್ ವರ್ಜೀನಿಯಾದ ಬಫಲೋ ಕ್ರೀಕ್ ಎಂಬಲ್ಲಿ ಗಣಿಯ ಕೆಸರು ನಿಲ್ಲಿಸಿದ್ದ ಒಡ್ಡು ಒಡೆದು 125 ಜನ ಕೊಚ್ಚಿಹೋದರು. ಅಂಥ ದುರಂತಗಳ ಬೆನ್ನಿಗೆ 1977ರಲ್ಲಿ ತೆರೆದ ಗಣಿಗಳ ನಿಯಂತ್ರಣಕ್ಕೆ ದೇಶಕ್ಕೆಲ್ಲ ಒಂದೇ ಕಾಯ್ದೆ ಬಂತು. ಅಧ್ಯಕ್ಷ ಜಿಮ್ಮಿ ಕಾರ್ಟರ್ ಆಗಸ್ಟ್ 3ರಂದು ಸಹಿ ಹಾಕಿದರು.

ಕಂಪನಿ ಅರ್ಜಿ ಬರೆಯುತ್ತದೆ. ಸರ್ಕಾರದ ಭೂವಿಜ್ಞಾನಿ ಅದನ್ನು ಸಾಲು ಸಾಲಾಗಿ ಓದುತ್ತಾರೆ. ಕೊಟ್ಟ ಮಾಹಿತಿ ಸಾಲದಿದ್ದರೆ, ಇಂಥ ಪುಟದಲ್ಲಿ ಇಂಥದ್ದು ಇಲ್ಲ ಎಂದು ವಾಪಸ್ ಪತ್ರ ಹೋಗುತ್ತದೆ. ಕಂಪನಿ ತಿದ್ದಿ ಕಳಿಸಬೇಕು. ಹೀಗೆ ಹಲವು ಸಲ ಹೋಗಿ ಬಂದಾಗಲೇ ಕಡತ ಗಟ್ಟಿಯಾಗುತ್ತದೆ.

ಕೊರೆದು ತೆಗೆದ ಕಲ್ಲಿನ ಕೋಲು

ಮೊದಲ ಕೆಲಸ ಕೊರೆಯುವುದು. ನಮ್ಮ ಬೋರ್‌ವೆಲ್ ಲಾರಿ ಕಲ್ಲನ್ನು ಪುಡಿ ಮಾಡಿ ಹೊರಗೆ ಊದುತ್ತದೆ. ಇಲ್ಲಿ ಹಾಗಲ್ಲ. ಟೊಳ್ಳು ಕೊಳವೆಯಿಂದ ಕೊರೆದು ಕಲ್ಲನ್ನು ಉದ್ದ ಕೋಲಿನ ಹಾಗೆ ಇಡಿಯಾಗಿ ಹೊರತೆಗೆಯುತ್ತಾರೆ. ಅದನ್ನು ಪೆಟ್ಟಿಗೆಯಲ್ಲಿ ಜೋಡಿಸಿದರೆ ನೆಲದೊಳಗಿನ ಪದರಗಳು ಕಣ್ಣೆದುರಿಗೇ ಇರುತ್ತವೆ. ಎಲ್ಲಿಯವರೆಗೆ ಕೊರೆಯಬೇಕು ಎಂಬುದನ್ನೂ ನಿಯಮ ಹೇಳುತ್ತದೆ. ಅಗೆಯಬೇಕಾದ ಕೊನೆಯ ಕಲ್ಲಿದ್ದಲ ಪದರ ದಾಟಿ ಅದರ ಕೆಳಗಿನ ಕಲ್ಲಿನ ತನಕ ಹೋಗಬೇಕು. ಅದಕ್ಕೂ ಕೆಳಗೆ, ಗಣಿಯಿಂದ ಕೆಡಬಹುದಾದ ಅಂತರ್ಜಲದ ಪದರ ಇದ್ದರೆ ಅಲ್ಲಿಯ ತನಕ ಇಳಿಯಬೇಕು. ತೆಗೆಯುವುದಷ್ಟೇ ಅಲ್ಲ, ಕೆಡುವುದೂ ಗೊತ್ತಿರಬೇಕು ಎಂಬುದು ಇದರ ಹಿಂದಿನ ವಿಚಾರ.

ಆಮೇಲೆ ಆ ಕಲ್ಲಿನ ರಾಸಾಯನಿಕ ಪರೀಕ್ಷೆ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಅಡಿಕೆ ತೋಟದವರಿಗೆ ಇದು ಬೇಗ ಅರ್ಥವಾಗುತ್ತದೆ.

ಕಲ್ಲಿದ್ದಲಿನಲ್ಲೂ ಅದರ ಮೇಲಿನ ಕಲ್ಲಿನಲ್ಲೂ ಪೈರೈಟ್ ಎಂಬ ಹೊಳೆಯುವ ಖನಿಜ ಇರುತ್ತದೆ. ಕಬ್ಬಿಣ, ಗಂಧಕ ಸೇರಿ ಆದದ್ದು. ನೆಲದೊಳಗೆ ಗಾಳಿ ಸೋಕದೆ ಇರುವಷ್ಟು ದಿನ ಅದರಿಂದ ಏನೂ ತೊಂದರೆ ಇಲ್ಲ. ಅಗೆದು ಹೊರಗೆ ಹಾಕಿದರೆ ಗಾಳಿ ಮತ್ತು ಮಳೆನೀರು ಸೇರಿ ಗಂಧಕದ ಆಮ್ಲವಾಗುತ್ತದೆ. ಆ ನೀರು ಹಳ್ಳಕ್ಕೆ ಇಳಿದರೆ ಮೀನು ಸಾಯುತ್ತವೆ, ಕಲ್ಲಿನಲ್ಲಿದ್ದ ಲೋಹಗಳೂ ಕರಗಿ ಬರುತ್ತವೆ. ಮೇಘಾಲಯದ ಜೈಂತಿಯಾ ಬೆಟ್ಟಗಳಲ್ಲಿ ಇಲಿ ಬಿಲದಂಥ ಗಣಿಗಳಿಂದ ಹೊಳೆಗಳು ಹೀಗೇ ಕೆಟ್ಟವು. ಅಲ್ಲಿನ ಲೂಖಾ ನದಿ ಚಳಿಗಾಲದಲ್ಲಿ ನೀಲಿ ಬಣ್ಣಕ್ಕೆ ತಿರುಗುತ್ತಿತ್ತು. ನೋಡಲು ಚೆಂದ, ಒಳಗೆ ಮೀನಿಲ್ಲ. 2014ರ ಏಪ್ರಿಲ್‌ನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಆ ಗಣಿಗಾರಿಕೆಯನ್ನು ನಿಷೇಧಿಸಿತು.

ಈಗ ನಮ್ಮ ಅಡಿಕೆಯ ಕೊಳೆ ರೋಗದ ಔಷಧಿ ನೆನಪಿಸಿಕೊಳ್ಳಿ. ಬೋರ್ಡೊ ಮಾಡುವಾಗ ಮೈಲುತುತ್ತದ ನೀರಿಗೆ ಸುಣ್ಣದ ನೀರು ಸೇರಿಸಿ ಕತ್ತಿ ಅದ್ದಿ ನೋಡುತ್ತೇವೆ. ಕತ್ತಿಗೆ ತಾಮ್ರದ ಕೆಂಪು ಹತ್ತಿದರೆ ಸುಣ್ಣ ಕಡಿಮೆ, ಇನ್ನೂ ಹಾಕಬೇಕು. ಗಣಿಯ ಕಡತದಲ್ಲೂ ಇದೇ ಲೆಕ್ಕ. ಕಲ್ಲಿನಲ್ಲಿ ಆಮ್ಲ ಮಾಡುವ ಗಂಧಕ ಎಷ್ಟಿದೆ, ಆ ಆಮ್ಲವನ್ನು ತಣಿಸುವ ಸುಣ್ಣದ ಅಂಶ ಎಷ್ಟಿದೆ ಎಂದು ಪದರ ಪದರಕ್ಕೂ ಅಳೆಯುತ್ತಾರೆ. ಪೈರೈಟಿನ ಗಂಧಕ ನೂರಕ್ಕೆ 1ರಷ್ಟಿದ್ದರೆ, ಅಂಥ ಸಾವಿರ ಟನ್ ಕಲ್ಲಿಗೆ 31.25 ಟನ್ ಸುಣ್ಣಕಲ್ಲಿನ ಸತ್ವ ಬೇಕು. ಸುಣ್ಣ ಸಾಲದ ಪದರ ಯಾವುದು ಎಂದು ಮೊದಲೇ ಗೊತ್ತಾದರೆ ಅದನ್ನು ಬೇರೆಯಾಗಿ ತೆಗೆದಿಟ್ಟು, ಗಾಳಿ ನೀರು ತಾಗದ ಹಾಗೆ ಹೂಳಬಹುದು. ಗೊತ್ತಾಗದೆ ಎಲ್ಲವನ್ನೂ ಕಲಸಿ ರಾಶಿ ಹಾಕಿದರೆ ಮುಂದೆ ಎಷ್ಟೋ ದಶಕ ಆ ರಾಶಿಯಿಂದ ಆಮ್ಲ ಸೋರುತ್ತಲೇ ಇರುತ್ತದೆ.

ನಂತರ ನೀರಿನ ಲೆಕ್ಕ. ಗಣಿ ಅಗೆದರೆ ಸುತ್ತಲಿನ ಬಾವಿ, ಒರತೆ, ಹಳ್ಳಗಳಿಗೆ ಏನಾಗಬಹುದು ಎಂದು ಕಂಪನಿ ಅಂದಾಜು ಬರೆಯಬೇಕು. ಆ ಕಣಿವೆಯಲ್ಲಿ ಬೇರೆ ಗಣಿಗಳೂ ಇದ್ದರೆ ಎಲ್ಲ ಸೇರಿ ಎಷ್ಟು ಹಾನಿ ಎಂದು ಸರ್ಕಾರವೇ ಬೇರೆ ಲೆಕ್ಕ ಹಾಕಬೇಕು. ಇದು ನನಗೆ ತುಂಬಾ ಮುಖ್ಯ ಅನಿಸುತ್ತದೆ. ಒಂದೊಂದೇ ಗಣಿ ನೋಡಿದರೆ ಎಲ್ಲವೂ ಸಣ್ಣದಾಗಿಯೇ ಕಾಣುತ್ತದೆ. ಹೊಳೆಗೆ ಮಾತ್ರ ಎಲ್ಲದರ ನೀರೂ ಬಂದು ಸೇರುತ್ತದೆ.

ಅಲ್ಲಿನ ನಿಯಮ ಕೇಳುವ ಇನ್ನೊಂದು ವಿಷಯ ಋತು. ನೀರಿನ ಪ್ರಮಾಣ, ಗುಣ ಎರಡೂ ಕಾಲಕಾಲಕ್ಕೆ ಹೇಗೆ ಬದಲಾಗುತ್ತದೆ ಎಂದು ಗೊತ್ತಾಗುವಷ್ಟು ಮಾಹಿತಿ ಬೇಕು. ನಮ್ಮ ದೇಶದಲ್ಲಿ ಪರಿಸರ ಪರಿಣಾಮದ ವರದಿಗೆ ಸಾಮಾನ್ಯವಾಗಿ ಒಂದು ಋತುವಿನ ಅಳತೆ ಸಾಕು, ಅದೂ ಮಳೆಗಾಲ ಬಿಟ್ಟು. ಗಾಳಿಯ ದೂಳು ಅಳೆಯಲು ಅದು ಸರಿಯಿರಬಹುದು. ಘಟ್ಟದ ನೀರಿಗೆ ಇದು ಹೇಗೆ ಸಾಕಾದೀತು? ನಮ್ಮ ಗುಡ್ಡ ಬಾಯಿ ಬಿಡುವುದೇ ಮಳೆಗಾಲದಲ್ಲಿ ಅಲ್ವಾ? ಫೆಬ್ರವರಿಯಲ್ಲಿ ಬಂದು ನೋಡಿದವರಿಗೆ ಜುಲೈನ ಒರತೆ ಕಾಣುವುದಿಲ್ಲ.

ನೀರಿನ ಮೇಲೆ ಸುರಿದ ರಾಶಿ

1966ರ ಅಕ್ಟೋಬರ್ 21. ವೇಲ್ಸ್‌ನ ಅಬರ್‌ಫ್ಯಾನ್ ಎಂಬ ಗಣಿ ಹಳ್ಳಿ. ಊರಿನ ಮೇಲಿನ ಗುಡ್ಡದಲ್ಲಿ ಗಣಿಯ ಕಸದ ರಾಶಿಗಳಿದ್ದವು. ಏಳನೆಯ ರಾಶಿಯನ್ನು ಒರತೆಗಳ ಮೇಲೆಯೇ ಸುರಿದಿದ್ದರು. ಆ ಒರತೆಗಳು ಸರ್ಕಾರದ ನಕ್ಷೆಯಲ್ಲೇ ಇದ್ದವು. ಊರಿನವರು ಅಪಾಯ ಇದೆ ಎಂದು ಮೊದಲೇ ಬರೆದು ತಿಳಿಸಿದ್ದರು. ಅವತ್ತು ಬೆಳಿಗ್ಗೆ ಮಕ್ಕಳು ಶಾಲೆಗೆ ಬಂದು ಕೂತಿದ್ದರಷ್ಟೇ. ನೀರು ಕುಡಿದ ರಾಶಿ ಜಾರಿ ಶಾಲೆಯ ಮೇಲೆ ಬಂತು. ಸತ್ತವರು 144 ಜನ. ಅವರಲ್ಲಿ 116 ಮಕ್ಕಳು.

ಇದನ್ನು ಓದುವಾಗೆಲ್ಲ ನನಗೆ ನಮ್ಮ ಕರಾವಳಿಯೇ ಕಣ್ಣಿಗೆ ಬರುತ್ತದೆ. ಕಾರವಾರದ ಹತ್ತಿರ ಕಡವಾಡದ ಝರಿವಾಡದಲ್ಲಿ 2009ರ ಅಕ್ಟೋಬರ್ 2ರಂದು ಗುಡ್ಡ ಜಾರಿ 19 ಜನ ಮಣ್ಣಿನಡಿ ಸಿಕ್ಕಿ ತೀರಿಕೊಂಡರು. ಆ ಊರಿನ ಹೆಸರಿನಲ್ಲೇ ಝರಿ ಎಂಬ ಮಾತು ಕೇಳಿಸುತ್ತದೆ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಹೆದ್ದಾರಿ ಪಕ್ಕದ ಗುಡ್ಡ ಗಂಗಾವಳಿ ಹೊಳೆಗೇ ಇಳಿಯಿತು. ಇವು ಗಣಿಯ ಕಥೆಗಳಲ್ಲ. ಆದರೆ ನಮ್ಮ ಗುಡ್ಡಗಳ ಕಟ್ಟು ಹೇಗಿದೆ ಎಂದು ಇವು ತೋರಿಸುತ್ತವೆ. ಮೇಲಿನ ಜಂಬಿಟ್ಟಿಗೆಯಲ್ಲಿ ತೂತುಗಳು, ಮಳೆನೀರು ಸಲೀಸಾಗಿ ಇಳಿಯುತ್ತದೆ. ಕೆಳಗಿನ ಶೇಡಿ ನೀರನ್ನು ಬಿಡುವುದಿಲ್ಲ, ಹಿಡಿದುಕೊಂಡು ಜಿಗುಟಾಗುತ್ತದೆ. ಅವೆರಡರ ನಡುವೆ ನೀರು ನಿಂತು ಒತ್ತಡ ಕೊಟ್ಟಾಗ ಮೇಲಿನದು ಜಾರುತ್ತದೆ. ಗುಡ್ಡದ ಬುಡ ಕಡಿದರಂತೂ ಆತುಕೊಳ್ಳಲು ಏನೂ ಉಳಿಯುವುದಿಲ್ಲ. ನಮ್ಮಲ್ಲಿ ಕಲ್ಲುಕೋರೆಗೋ ರಸ್ತೆಗೋ ಅನುಮತಿ ಕೇಳಿದ ಕಡತದಲ್ಲಿ ಶೇಡಿಯ ಪದರ ಎಷ್ಟು ಆಳದಲ್ಲಿದೆ, ಎಷ್ಟು ದಪ್ಪ ಇದೆ ಎಂಬ ಸಾಲು ಇಲ್ಲದಿದ್ದರೆ ಆ ಭೂವಿಜ್ಞಾನದ ಅಧ್ಯಾಯ ಅರ್ಧ ಮಾತ್ರ ಬರೆದದ್ದು.

ಹಳೆಯದನ್ನು ಹುಡುಕುವ ಬಗೆ

ಈಗ ಎರಡನೆಯ ಅಧ್ಯಾಯ. ಅಮೆರಿಕದಲ್ಲಿ 1966ರಲ್ಲಿ ಐತಿಹಾಸಿಕ ಸ್ಥಳಗಳ ರಕ್ಷಣೆಗೆ ಕಾಯ್ದೆ ಬಂತು. ಅದರ 106ನೆಯ ಕಲಂ ಹೇಳುವುದು ಸರಳ. ಕೇಂದ್ರ ಸರ್ಕಾರ ಹಣವನ್ನೋ ಅನುಮತಿಯನ್ನೋ ಕೊಡುವ ಮೊದಲು, ಆ ಕೆಲಸದಿಂದ ಹಳೆಯ ಸ್ಥಳಗಳಿಗೆ ಏನಾಗುತ್ತದೆ ಎಂದು ನೋಡಲೇಬೇಕು. ಗಣಿ ಕಾಯ್ದೆಯ ನಿಯಮಗಳೂ ಇದನ್ನೇ ಕೇಳುತ್ತವೆ. ರಾಷ್ಟ್ರೀಯ ಪಟ್ಟಿಯಲ್ಲಿ ಈಗಾಗಲೇ ಇರುವ ಸ್ಥಳಗಳ ಜೊತೆಗೆ, ಪಟ್ಟಿಗೆ ಸೇರುವ ಅರ್ಹತೆ ಇರುವ ಸ್ಥಳಗಳನ್ನೂ ಹೇಳಬೇಕು. ಈ ಅರ್ಹತೆ ಎಂಬ ಒಂದೇ ಮಾತಿನಿಂದ ಎಷ್ಟು ವ್ಯತ್ಯಾಸ ಆಗುತ್ತದೆ ನೋಡಿ. ಪಟ್ಟಿಯಲ್ಲಿ ಹೆಸರಿಲ್ಲ, ಆದ್ದರಿಂದ ಇಲ್ಲಿ ಏನೂ ಇಲ್ಲ ಎಂದು ಬರೆದು ಕೈ ತೊಳೆದುಕೊಳ್ಳಲು ಆಗುವುದಿಲ್ಲ. ಹೋಗಿ ಹುಡುಕಬೇಕು.

ಹುಡುಕುವುದು ಹೇಗೆಂದರೆ, ಮೊದಲು ಹಳೆಯ ನಕ್ಷೆ, ದಾಖಲೆ ಓದುತ್ತಾರೆ. ನಂತರ ಸಾಲಾಗಿ ನಡೆದು ನೆಲ ನೋಡುತ್ತಾರೆ. ಹುಲ್ಲು, ಎಲೆ ಮುಚ್ಚಿದ ಕಡೆ ನಿಗದಿತ ಅಂತರಕ್ಕೊಂದು ಸಣ್ಣ ಗುಂಡಿ ತೋಡಿ, ಮಣ್ಣನ್ನು ಜರಡಿ ಹಿಡಿದು, ಮಡಕೆ ಚೂರೋ ಕಲ್ಲಿನ ಆಯುಧವೋ ಸಿಗುತ್ತದೆಯೇ ಎಂದು ನೋಡುತ್ತಾರೆ. ಏನಾದರೂ ಸಿಕ್ಕರೆ ಅದು ಎಷ್ಟು ಮಹತ್ವದ್ದು ಎಂದು ತೂಗಿ ನೋಡಲು ಇನ್ನೊಂದು ಹಂತ. ಮಹತ್ವದ್ದೇ ಆಗಿದ್ದು ಗಣಿಯನ್ನು ಪಕ್ಕಕ್ಕೆ ಸರಿಸಲು ಆಗುವುದೇ ಇಲ್ಲ ಎಂದಾದರೆ ಮೂರನೆಯ ಹಂತದಲ್ಲಿ ಪೂರ್ತಿ ಉತ್ಖನನ. ಸಾಮಾನ್ಯವಾಗಿ 50 ವರ್ಷ ದಾಟಿದ ಯಾವುದೂ ಈ ಪರೀಕ್ಷೆಗೆ ಬರಬಹುದು. ಹಳೆಯ ಸೇತುವೆ, ಕೊಟ್ಟಿಗೆ, ಗಣಿ ಕಾರ್ಮಿಕರ ಮನೆ ಸಾಲು, ಯಾವುದಾದರೂ.

ಒಂದು ವಿಷಯ ಸ್ಪಷ್ಟವಾಗಿ ಹೇಳಬೇಕು. 106ನೆಯ ಕಲಂ ಯೋಜನೆಯನ್ನು ತಡೆಯುವುದಿಲ್ಲ. ನೋಡಿ, ಕೇಳಿ, ಆಮೇಲೆ ನಿರ್ಧರಿಸಿ ಎನ್ನುತ್ತದೆ ಅಷ್ಟೇ. ನೇರವಾಗಿ ತಡೆಯುವ ಗೆರೆಗಳು ಗಣಿ ಕಾಯ್ದೆಯಲ್ಲಿವೆ. ಸ್ಮಶಾನದಿಂದ 100 ಅಡಿಯೊಳಗೆ ತೆರೆದ ಗಣಿ ಕೂಡದು. ಶಾಲೆ, ಚರ್ಚು, ಜನ ಇರುವ ಮನೆಯಿಂದ 300 ಅಡಿ ದೂರ ಇರಬೇಕು. ಮನೆಯವರೇ ಒಪ್ಪಿದರೆ ಮಾತ್ರ ಮನೆಗೆ ವಿನಾಯಿತಿ.

ಹಳೆಯ ನೆಲೆಗಳು ಎಲ್ಲಿವೆ ಎಂಬ ನಿಖರ ಮಾಹಿತಿಯನ್ನು ಅಲ್ಲಿ ಹಲವು ಸಂದರ್ಭಗಳಲ್ಲಿ ಗುಟ್ಟಾಗಿ ಇಡುತ್ತಾರೆ. ಕಳ್ಳರು ಬಂದು ಅಗೆಯಬಾರದಲ್ಲ. ನಿಧಿ ಆಸೆಗೆ ಗುಡಿಯ ಗರ್ಭಗುಡಿಯನ್ನೇ ಅಗೆದು ಹಾಕುವುದನ್ನು ಕಂಡ ನಮಗೆ ಇದರ ಬೆಲೆ ವಿವರಿಸಬೇಕಿಲ್ಲ.

ಅರಿಜೋನಾದ ಬ್ಲ್ಯಾಕ್ ಮೆಸಾ ಎಂಬ ಎತ್ತರದ ಪ್ರದೇಶ ನವಾಹೋ ಮತ್ತು ಹೋಪಿ ಎಂಬ ಮೂಲನಿವಾಸಿ ಜನರ ನೆಲ. ಅಲ್ಲಿ ಕಲ್ಲಿದ್ದಲು ಗಣಿಯ ಸಲುವಾಗಿ 1967ರಿಂದ 1987ರ ತನಕ, ಇಪ್ಪತ್ತು ವರ್ಷ, ಪುರಾತತ್ವದ ಕೆಲಸ ನಡೆಯಿತು. ಎರಡು ಸಾವಿರಕ್ಕೂ ಹೆಚ್ಚು ಹಳೆಯ ನೆಲೆಗಳನ್ನು ದಾಖಲಿಸಿದರು. ಅಷ್ಟು ದೊಡ್ಡ ಕೆಲಸ ಪ್ರಪಂಚದಲ್ಲಿ ಅಪರೂಪ. ಆದರೂ ಆ ಜನರ ದುಃಖ ತೀರಲಿಲ್ಲ. ಯಾಕೆಂದರೆ ಅಲ್ಲಿ ತೆಗೆದ ಕಲ್ಲಿದ್ದಲನ್ನು ಪುಡಿ ಮಾಡಿ, ನೀರಿನಲ್ಲಿ ಕಲಸಿ, ಸುಮಾರು 440 ಕಿಲೋಮೀಟರ್ ದೂರದ ನೆವಾಡಾದ ವಿದ್ಯುತ್ ಸ್ಥಾವರಕ್ಕೆ ಕೊಳವೆಯಲ್ಲಿ ಕಳಿಸುತ್ತಿದ್ದರು. ಅದಕ್ಕೆ ಮರುಭೂಮಿಯ ಅಡಿಯ ಒಳ್ಳೆಯ ಅಂತರ್ಜಲವನ್ನೇ ಎತ್ತುತ್ತಿದ್ದರು. ಹೋಪಿ ಜನರಿಗೆ ಒರತೆ ಎಂದರೆ ದೇವರ ಜಾಗ. ಮಡಕೆ ಚೂರುಗಳು ಸಾಂಸ್ಕೃತಿಕ ಅಧ್ಯಾಯಕ್ಕೆ ಹೋದವು. ಒರತೆ ನೀರಿನ ಅಧ್ಯಾಯಕ್ಕೆ ಹೋಯಿತು. ಪೂಜೆ ಮಾಡುವವನಿಗೆ ಅವೆರಡೂ ಒಂದೇ ಆಗಿತ್ತು. ಆ ಕೊಳವೆ ನಿಂತಿದ್ದು 2005ರ ಕೊನೆಗೆ, ಸ್ಥಾವರ ಮುಚ್ಚಿದಾಗ.

ನಮ್ಮಲ್ಲಿ ಏನು ಪರಿಸ್ಥಿತಿ? ಕೇಂದ್ರ ಸಂರಕ್ಷಿತ ಸ್ಮಾರಕದಿಂದ 100 ಮೀಟರ್ ನಿಷೇಧಿತ, ಅದರಾಚೆಯ 200 ಮೀಟರ್ ನಿಯಂತ್ರಿತ. ಬನವಾಸಿಯ ಮಧುಕೇಶ್ವರನಿಗೆ, ಗೇರುಸೊಪ್ಪೆಯ ಚತುರ್ಮುಖ ಬಸದಿಗೆ ಇಂಥ ಬೇಲಿ ಇದೆ, ಸಂತೋಷ. ಆದರೆ ನಮ್ಮ ಕಾಡಿನ ಹುಲಿದೇವರಿಗೆ, ನಾಗಬನಕ್ಕೆ, ಗದ್ದೆ ಬದುವಿನ ವೀರಗಲ್ಲಿಗೆ, ಮಾಸ್ತಿಕಲ್ಲಿಗೆ ಬೇಲಿ ಎಲ್ಲಿದೆ? ಅವು ಯಾವ ಪಟ್ಟಿಯಲ್ಲೂ ಇಲ್ಲ. ಬಳ್ಳಾರಿ ಗಡಿಯ ಸುಗ್ಗಲಮ್ಮ ದೇವಿಯ ಹಳೆಯ ಗುಡಿ 2006ರಲ್ಲಿ ಅದಿರಿನ ಗಣಿಗಾಗಿ ನೆಲಸಮವಾಯಿತು. ಜನ ಪೂಜಿಸುತ್ತಿದ್ದ ಗುಡಿಗೇ ಹಾಗಾದರೆ ಕಾಡಿನ ಕಲ್ಲಿನ ಗತಿ ಏನು?

ಒಂದು ದೊಡ್ಡ ಬಾಗಿಲು ಮಾತ್ರ ತೆರೆದಿದೆ. ಒಡಿಶಾದ ನಿಯಮಗಿರಿ ಬೆಟ್ಟದಲ್ಲಿ ಬಾಕ್ಸೈಟ್ ಗಣಿ ಬರುವುದಿತ್ತು. ಆ ಬೆಟ್ಟ ಡೋಂಗ್ರಿಯಾ ಕೊಂಡ ಜನರಿಗೆ ನಿಯಮರಾಜ ಎಂಬ ದೇವರು. 2013ರ ಏಪ್ರಿಲ್ 18ರಂದು ಸುಪ್ರೀಂ ಕೋರ್ಟು, ಆ ಜನರ ಧಾರ್ಮಿಕ ಹಕ್ಕಿಗೆ ಧಕ್ಕೆ ಆಗುತ್ತದೆಯೇ ಎಂಬುದನ್ನು ಗ್ರಾಮಸಭೆಗಳೇ ಹೇಳಲಿ ಎಂದಿತು. ಅದಕ್ಕೆ ಆಧಾರ 2006ರ ಅರಣ್ಯ ಹಕ್ಕು ಕಾಯ್ದೆ. 12 ಹಳ್ಳಿಗಳ ಗ್ರಾಮಸಭೆ ನಡೆಯಿತು. ಹನ್ನೆರಡೂ ಬೇಡ ಎಂದವು. ಆ ಬೆಟ್ಟದ ಮೇಲೆ ಒಂದು ಕೆತ್ತಿದ ಕಂಬವೂ ಇಲ್ಲ. ಬೆಟ್ಟವೇ ಗುಡಿ. ಪುರಾತತ್ವದವರ ಜರಡಿಯಲ್ಲಿ ಅಂಥ ಗುಡಿ ಸಿಗುವುದಿಲ್ಲ, ಅಲ್ಲಿ ಬದುಕುವವರ ಬಾಯಲ್ಲೇ ಸಿಗಬೇಕು.

ನಮ್ಮ ಗುಡ್ಡದ ಕಡತ

ಕೆಲವು ವರ್ಷಗಳ ಹಿಂದೆ ನಮ್ಮ ಪಕ್ಕದ ಗುಡ್ಡದಲ್ಲಿ ಕಲ್ಲುಕೋರೆಗೆ ಅರ್ಜಿ ಬಂದಿತ್ತು. ವರದಿಯ ಪ್ರತಿ ಪಂಚಾಯ್ತಿಯಲ್ಲಿತ್ತು. ಕನ್ನಡದ ಸಾರಾಂಶ ಕೆಲವೇ ಪುಟ, ಪೂರ್ತಿ ವರದಿ ಇಂಗ್ಲಿಷಿನಲ್ಲಿ. ಒಂದು ಕಡೆ, ಇಲ್ಲಿ ನೀರಿನ ಒರತೆ ಇಲ್ಲ ಎಂದು ಬರೆದಿತ್ತು. ಇಪ್ಪತ್ತು ಪುಟ ದಾಟಿದ ಮೇಲೆ, ಪುರಾತತ್ವದ ಮಹತ್ವ ಇರುವ ಸ್ಥಳ ಯಾವುದೂ ಇಲ್ಲ ಎಂಬ ಒಂದೇ ಸಾಲು. ಆ ಗುಡ್ಡದ ಪಡುವಣ ಮಗ್ಗುಲಲ್ಲಿ ಒಂದು ಅಬ್ಬಿ, ಅಂದರೆ ಧುಮುಕುವ ಒರತೆ, ಇದೆ. ಅಬ್ಬಿಯ ತಲೆಯಲ್ಲಿ ಚೌಡಿ ಎಂಬ ದೇವಿಯ ಕಲ್ಲು. ಎರಡು ಹೆಜ್ಜೆ ಆಚೆ, ಅರ್ಧ ಮಣ್ಣಲ್ಲಿ ಹೂತ ಒಂದು ವೀರಗಲ್ಲು. ಎರಡು ಅಧ್ಯಾಯಗಳೂ ಒಂದೇ ಜಾಗದಲ್ಲಿ ತಪ್ಪಿದ್ದವು. ಅದರಲ್ಲಿ ಆಶ್ಚರ್ಯವೂ ಇಲ್ಲ. ನಮ್ಮ ಹಿರಿಯರು ನೀರಿದ್ದಲ್ಲೇ ದೇವರನ್ನು ಕೂರಿಸಿದ್ದಾರೆ. ಒಂದು ಕಾಣದವರಿಗೆ ಇನ್ನೊಂದೂ ಕಾಣುವುದಿಲ್ಲ.

ಊರಿನ ಹಿರಿಯ ಅಜ್ಜ ಒಬ್ಬರು ಹೇಳಿದ್ದು ನನಗೆ ಈಗಲೂ ನೆನಪಿದೆ. "ತಮಾ, ಈ ಅಬ್ಬಿ ಒಂದ್ ವರ್ಷನೂ ಬತ್ತಿದ್ದಿಲ್ಲೆ" ಎಂದರು. ಇದು ಬರೀ ನೆನಪಿನ ಮಾತಲ್ಲ, ಮಾಹಿತಿ. ಆದರೆ ಬಾಯಿಮಾತಾಗಿದ್ದರೆ ಕಡತಕ್ಕೆ ಸೇರುವುದಿಲ್ಲ. ಸಾರ್ವಜನಿಕ ಅಹವಾಲು ಸಭೆ ಕರೆದರೆ ಕನಿಷ್ಠ 30 ದಿನ ಮೊದಲು ತಿಳಿಸಬೇಕು ಎಂದು 2006ರ ಪರಿಸರ ಅಧಿಸೂಚನೆ ಹೇಳುತ್ತದೆ. ಸಭೆಯಲ್ಲಿ ಆಡಿದ್ದು ನಡಾವಳಿಗೆ ಸೇರಬೇಕು. ಬರೆದು ಕೊಟ್ಟ ಆಕ್ಷೇಪಕ್ಕೂ ಉತ್ತರ ಬರಬೇಕು. ಅಂಥ ಸಭೆ ಇಲ್ಲದ ಸಣ್ಣ ಕೋರೆಗಳಿಗೂ ಬರೆದು ಕೊಡುವುದನ್ನು ಯಾರೂ ತಡೆಯಲಾರರು.

ನಾವು ಬರೆದೆವು. ಅಬ್ಬಿ ಬೀಳುವ ಕಡೆ ಕೊಡ ಇಟ್ಟು, ತುಂಬಲು ಎಷ್ಟು ಹೊತ್ತು ಬೇಕು ಎಂದು ಗಡಿಯಾರ ಹಿಡಿದು ನೋಡಿದೆವು. ಜನವರಿ, ಮಾರ್ಚ್, ಮೇ, ಜುಲೈ, ನಾಲ್ಕು ತಿಂಗಳ ಲೆಕ್ಕ, ನಾಲ್ಕು ಫೋಟೊ. ಅಬ್ಬಿಯ ನೀರು ಎಷ್ಟು ಮನೆಗೆ, ಎಷ್ಟು ತೋಟಕ್ಕೆ ಹೋಗುತ್ತದೆ ಎಂಬ ಪಟ್ಟಿ. ವೀರಗಲ್ಲಿನ ಮಣ್ಣು ತೊಳೆದು, ಎದುರಿನಿಂದ ಒಂದು, ಓರೆ ಬೆಳಕಿನಲ್ಲಿ ಒಂದು ಚಿತ್ರ. ಚೌಡಿಗೆ ವರ್ಷದಲ್ಲಿ ಯಾವ ದಿನ, ಯಾವ ಮನೆಯವರು ಹಣ್ಣುಕಾಯಿ ಮಾಡಿಸುತ್ತಾರೆ ಎಂಬುದಕ್ಕೆ ಐದು ಮನೆಯವರ ಸಹಿ. ಎಲ್ಲವನ್ನೂ ಒಂದೇ ನಕ್ಷೆಯ ಮೇಲೆ ಗುರುತು ಮಾಡಿ, ಎರಡು ಪ್ರತಿ ಮಾಡಿ, ಒಂದಕ್ಕೆ ಸ್ವೀಕೃತಿ ಮುದ್ರೆ ಹಾಕಿಸಿಕೊಂಡೆವು.

ತಿದ್ದಿದ ವರದಿ ಬರಲು ಬಹಳ ತಿಂಗಳು ಹಿಡಿಯಿತು. ಅದರಲ್ಲಿ ಕೋರೆಯ ಗಡಿ ಪಡುವಣ ಮಗ್ಗುಲಿನಿಂದ ಹಿಂದೆ ಸರಿದಿತ್ತು. ನಕ್ಷೆಯಲ್ಲಿ ಒಂದು ಸಣ್ಣ ನೀಲಿ ಚುಕ್ಕೆ ಬಂದಿತ್ತು. ಅದರ ಪಕ್ಕ "ವರ್ಷವಿಡೀ ಹರಿಯುವ ಒರತೆ, ಪೂಜಾಸ್ಥಳ" ಎಂದು ಒಟ್ಟಿಗೇ ಬರೆದಿದ್ದರು.